ಬಾಗಳಿಯ ಕಲ್ಲು, ಹೊಳೆಸಾಲಿನ ಜನ

ಹರಪನಹಳ್ಳಿಯಿಂದ ಏಳೆಂಟು ಕಿಲೋಮೀಟರ್ ಹೋದರೆ ಬಾಗಳಿ. ಶಾಲೆ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುವ ಮೇಷ್ಟರು ಕಲ್ಲೇಶ್ವರ ಗುಡಿಯ ಮುಂದೆ ನಿಂತು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ಇದು ಚಾಲುಕ್ಯರ ಕಾಲದ ಗುಡಿ. ಕೆತ್ತನೆ ಬಲು ಚೆಂದ. ಕಂಬ ಮುಟ್ಟಬೇಡ್ರಿ. ಮಕ್ಕಳು ಕಂಬ ಎಣಿಸಿ, ಬುತ್ತಿ ಬಿಚ್ಚಿ ಉಂಡು, ಬಸ್ಸು ಹತ್ತುತ್ತಾರೆ. ಅಲ್ಲಿಗೆ ಇತಿಹಾಸದ ಪಾಠ ಮುಗಿಯಿತು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಕಲ್ಲು ಒಡೆಯುವವರ, ಕೆರೆಯ ಹೂಳು ಹೊರುವವರ, ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರ ಮಕ್ಕಳು. ಅವರಿಗೂ ಆ ಗುಡಿಗೂ ಏನು ಸಂಬಂಧ ಎಂಬುದನ್ನು ಯಾರೂ ಹೇಳುವುದಿಲ್ಲ. ಅದನ್ನು ಹೇಳದ ಇತಿಹಾಸ ಯಾರ ಇತಿಹಾಸ?

ಮೊದಲು ಗೊತ್ತಿರುವುದನ್ನು ನೋಡೋಣ. ಹಳೆಯ ಶಾಸನಗಳಲ್ಲಿ ಬಾಗಳಿಯ ಹೆಸರು ಬಾಳ್ಗುಳಿ. ಈ ಸೀಮೆ ಆಗ ಕೋಗಳಿ-500 ಎಂಬ ನಾಡಿಗೆ ಸೇರಿತ್ತು. ಕೋಗಳಿ ಈಗಲೂ ಒಂದು ಹಳ್ಳಿ. ಕಲ್ಲೇಶ್ವರ ಗುಡಿಯ ಹಳೆಯ ಭಾಗ ಹತ್ತನೇ ಶತಮಾನದ ನಡುವಿನದು, ರಾಷ್ಟ್ರಕೂಟರ ಕಾಲದ್ದು. 973ರಲ್ಲಿ ಎರಡನೇ ತೈಲಪ ರಾಷ್ಟ್ರಕೂಟರನ್ನು ಕೆಡವಿ ಕಲ್ಯಾಣ ಚಾಲುಕ್ಯರ ಆಳ್ವಿಕೆ ಶುರುಮಾಡಿದ. ಅವನ ಕಾಲದಲ್ಲಿ, 987ರ ಸುಮಾರಿಗೆ, ಗುಡಿಯ ಕೆಲಸ ಮುಂದುವರಿಯಿತು. ಆ ವರ್ಷದ ಶಾಸನ ಗುಡಿ ಕಟ್ಟಿಸಿದವನು ದುಗ್ಗಿಮಯ್ಯ ಎನ್ನುತ್ತದೆ. ಐವತ್ತು ಕಂಬಗಳ ಮಂಟಪ, ಮೂವತ್ತಾರು ಶಾಸನ. ಇಷ್ಟೊಂದು ಶಾಸನ ಒಂದೇ ಗುಡಿಯ ಆವರಣದಲ್ಲಿ ಸಿಗುವ ಊರುಗಳು ನಾಡಿನಲ್ಲಿ ಬಹಳ ಇಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಮೇಲೆ ಅರಸೊತ್ತಿಗೆ ಬದಲಾಯಿತು, ಕೆಳಗೆ ಗುಡಿಯ ಕೆಲಸ ನಿಲ್ಲಲಿಲ್ಲ. ರಾಷ್ಟ್ರಕೂಟರ ಬಿರುದು ಹೋಗಿ ಚಾಲುಕ್ಯರ ಬಿರುದು ಬಂತು. ಉಳಿ ಹಿಡಿದವನ ಕೈಗೆ ಅದರಿಂದ ಏನು ವ್ಯತ್ಯಾಸವಾಯಿತು? ನಮ್ಮ ಪಠ್ಯಪುಸ್ತಕಗಳು ರಾಜವಂಶ ಬದಲಾದ ಕಡೆಯಲ್ಲೆಲ್ಲ ಹೊಸ ಅಧ್ಯಾಯ ತೆರೆಯುತ್ತವೆ. ದುಡಿಯುವವನ ಕಡೆಯಿಂದ ನೋಡಿದರೆ ಅದೇ ಅಧ್ಯಾಯ ಮುಂದುವರಿದಿದೆ.

ಶಾಸನ ಸುಳ್ಳು ಹೇಳುತ್ತದೆ ಎಂಬುದು ನಮ್ಮ ವಾದವಲ್ಲ. ಶಾಸನ ಅರ್ಧ ಹೇಳುತ್ತದೆ. ಅದು ಬರೆಸಿದವನ ಕಾಗದಪತ್ರ. ಈ ಕಾಲದ ದಾನಶಾಸನಗಳನ್ನು ಓದಿದರೆ ಅವುಗಳ ಅಚ್ಚು ತಿಳಿಯುತ್ತದೆ. ಮೊದಲು ದೊರೆಯ ಬಿರುದು. ಆಮೇಲೆ ಸಾಮಂತನ ಬಿರುದು. ಆಮೇಲೆ ಇಷ್ಟು ಮತ್ತರು ಭೂಮಿ, ಇಷ್ಟು ಗದ್ಯಾಣ ಹೊನ್ನು, ಒಂದು ಹೂದೋಟ, ಒಂದು ಗಾಣ. ದೇವರ ಅಂಗಭೋಗಕ್ಕೆ, ನಂದಾದೀಪಕ್ಕೆ, ಬ್ರಾಹ್ಮಣರ ಊಟಕ್ಕೆ. ಸರ್ವನಮಸ್ಯವಾಗಿ, ಅಂದರೆ ತೆರಿಗೆ ಇಲ್ಲದೆ. ಕೊನೆಗೆ ಶಾಪ: ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ.

ಕೊಟ್ಟವನ ಹೆಸರುಂಟು, ಇಸಿದುಕೊಂಡವನ ಹೆಸರುಂಟು, ಕಿತ್ತುಕೊಂಡವನಿಗೆ ನರಕವುಂಟು. ಆ ಮತ್ತರು ಭೂಮಿಯನ್ನು ಉತ್ತವನು ಎಲ್ಲಿ? ಗಾಣ ತಿರುಗಿಸಿದವನು ಎಲ್ಲಿ? ಭೂಮಿ ದಾನವಾದ ದಿನ ಅದರ ಮೇಲೆ ಬೆವರು ಸುರಿಸುತ್ತಿದ್ದವನಿಗೆ ಒಡೆಯ ಬದಲಾದ, ಅಷ್ಟೆ. ತೆರಿಗೆ ಬಿಟ್ಟದ್ದು ಭೂಮಿ ಪಡೆದವನಿಗೆ. ಉಳುವವನ ದುಡಿಮೆಯನ್ನು ಯಾವ ದೊರೆಯೂ ಸರ್ವನಮಸ್ಯ ಮಾಡಲಿಲ್ಲ.

ಕಂಬಗಳನ್ನೇ ತೆಗೆದುಕೊಳ್ಳಿ. ಚಾಲುಕ್ಯರ ಕಾಲದ ಶಿಲ್ಪಿಗಳು ಹಳೆಯ ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಬಂದರು. ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ನಯವಾದ ಕೆತ್ತನೆಗೆ ಬಗ್ಗುತ್ತದೆ. ತಿರುಗಣೆಗೆ ಹಾಕಿ ಕಡೆದ ಹಾಗೆ ದುಂಡಗೆ ಹೊಳೆಯುವ ಕಂಬಗಳು ಬಂದದ್ದು ಹೀಗೆ. ಕಲೆಯ ಪುಸ್ತಕಗಳು ಇದನ್ನು ಚಾಲುಕ್ಯ ಶೈಲಿ ಎನ್ನುತ್ತವೆ. ಯಾವ ಚಾಲುಕ್ಯ ಅರಸ ಉಳಿ ಹಿಡಿದ? ಕಲ್ಲಿನ ಗುಣ ಕಂಡುಕೊಂಡವನು ಕಲ್ಲುಕುಟಿಗ. ಆ ಜ್ಞಾನ ಓಲೆಗರಿಯಲ್ಲಿ ಹುಟ್ಟಿದ್ದಲ್ಲ, ಅಂಗೈಯ ಗಟ್ಟಿಚರ್ಮದಲ್ಲಿ ಹುಟ್ಟಿದ್ದು. ಪಟ್ಟದಕಲ್ಲಿನಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರು ಉಳಿದಿದೆ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಉಳಿದಿದೆ. ಕೆತ್ತಿದವನ ಹೆಸರು ಉಳಿದಿರುವುದೇ ಅಪರೂಪ. ಕಲ್ಲು ಕಡಿದು ಬಂಡಿಗೆ ಏರಿಸಿದವನು, ಹಗ್ಗ ಹಿಡಿದು ಎಳೆದವನು, ಬಂಡಿಯೆತ್ತಿಗೆ ಮೇವು ತಂದವಳು ಯಾವ ಕಲ್ಲಿನಲ್ಲೂ ಇಲ್ಲ.

ಆದರೆ ಬಡವರ ಹೆಸರು ಕಲ್ಲಿನ ಮೇಲೆ ಬಂದೇ ಇಲ್ಲ ಎನ್ನುವ ಹಾಗೂ ಇಲ್ಲ. ಗುಡಿ ಬಿಟ್ಟು ಊರ ಅಂಚಿಗೆ, ಕೆರೆಯ ಏರಿಗೆ, ಹುಣಸೆಮರದ ಬುಡಕ್ಕೆ ಬನ್ನಿ. ನಮ್ಮ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಸಿಗುತ್ತವೆ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಹೆಂಗಸರು, ಮೇಲೆ ಲಿಂಗ. ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಸತ್ತ ಊರ ಹುಡುಗರಿಗೆ ನಿಲ್ಲಿಸಿದ ಕಲ್ಲುಗಳು ಅವು. ಲೆಕ್ಕ ಹೀಗಿದೆ ನೋಡ್ರಿ: ಉಳ್ಳವನು ಹೊನ್ನು ಕೊಟ್ಟರೆ ಹೆಸರು ಉಳಿಯಿತು, ಇಲ್ಲದವನು ಜೀವ ಕೊಟ್ಟರೆ ಮಾತ್ರ ಉಳಿಯಿತು. ದುಡಿದು ಬದುಕಿದವನಿಗೆ ಕಲ್ಲೇ ಇಲ್ಲ.

ಇದನ್ನು ಕಂಡು ಕೇಳಿದವರು ಆಗಲೂ ಇದ್ದರು. ಬಾಗಳಿಯ ಮಂಟಪ ಎದ್ದ ಎರಡು ಶತಮಾನದೊಳಗೆ, ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲೇ, ಸ್ಥಾವರವನ್ನು ಪ್ರಶ್ನಿಸಿದ ಶರಣರು ಬಂದರು. ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ. ಶಾಸನದ ಕಲ್ಲು ಇವರಿಗೆ ಜಾಗ ಕೊಡಲಿಲ್ಲ, ಕನ್ನಡದ ಮಾತು ಕೊಟ್ಟಿತು.

ಬಾಗಳಿಯಿಂದ ಹೊಳೆಯ ಕಡೆಗೆ ನಡೆಯೋಣ. ಹಡಗಲಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ದಡದಲ್ಲಿ ಕುರುವತ್ತಿಯ ಮಲ್ಲಿಕಾರ್ಜುನ, ಮಾಗಳದ ವೇಣುಗೋಪಾಲ, ಒಳನಾಡಿಗೆ ಹಿರೇಹಡಗಲಿ. ಮದ್ರಾಸ್ ಸರ್ಕಾರದ ಪುರಾತತ್ವ ಅಧಿಕಾರಿ ಅಲೆಗ್ಸಾಂಡರ್ ರೇ ಈ ಗುಡಿಗಳ ಅಳತೆ ತೆಗೆದು, ನಕ್ಷೆ ಬರೆದು 1896ರಲ್ಲಿ ಪುಸ್ತಕ ಮಾಡಿದ. ಅದು ಒಳ್ಳೆಯ ಕೆಲಸವೇ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮುಂಚೆ, 1876-78ರ ಬರದಲ್ಲಿ, ಇದೇ ಬಳ್ಳಾರಿ ಜಿಲ್ಲೆಯ ಜನ ಹುಳುಗಳಂತೆ ಸತ್ತಿದ್ದರು. ಉಳಿದವರು ಗಂಜಿಗಾಗಿ ಬರಪರಿಹಾರದ ರಸ್ತೆಗಳಲ್ಲಿ ಜಲ್ಲಿ ಒಡೆದರು. ಕಂಬದ ಒಂದೊಂದು ಎಳೆಯ ಅಳತೆಯೂ ಪುಸ್ತಕ ಸೇರಿತು. ಜಲ್ಲಿ ಒಡೆದವರ ಹೆಸರು ಸೇರಲಿಲ್ಲ.

ಹೊಳೆಸಾಲಿನಲ್ಲೇ ಮೈಲಾರವಿದೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಕರಿ ಕಂಬಳಿಯ ಗೊರವ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಒಂದೇ ಒಂದು ಮಾತು. ಮಳೆಯೇ, ಬೆಳೆಯೇ, ರಾಜ್ಯಭಾರವೇ ಎಂದು ಲಕ್ಷಾಂತರ ಜನ ಅದರ ಅರ್ಥ ಹೊಡೆದಾಡಿಕೊಂಡು ಬಿಡಿಸುತ್ತಾರೆ. ಕಾರಣಿಕ ನಿಜವಾಗುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ನಂಬಿ ಕೂತರೆ ಹೊಲ ಬೆಳೆಯುವುದಿಲ್ಲ. ನಾವು ಕಾಣಬೇಕಾದ್ದು ಇಷ್ಟು: ಇಲ್ಲಿ ಶಾಸ್ತ್ರಿಯ ಬಾಯಿಗೆ ಕೆಲಸವಿಲ್ಲ, ಕುರಿ ಕಾಯುವ ಜನರ ನಾಲಗೆ ಮಾತಾಡುತ್ತದೆ. ಕಲ್ಲಿನಲ್ಲಿ ಜಾಗ ಸಿಗದವರು ಬಾಯಿಮಾತಿನಲ್ಲಿ ತಮ್ಮ ಇತಿಹಾಸ ಇಟ್ಟುಕೊಂಡಿದ್ದಾರೆ.

ಇನ್ನು ಹೊಳೆಯ ಮಾತು. ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಅಣೆಕಟ್ಟೆಯ ಕೆಳಗಿನ ಉದ್ಯಾನ, ಬಣ್ಣದ ದೀಪ, ಕಾರಂಜಿ ನೋಡಲು ಜನ ಹೋಗುತ್ತಾರೆ. ನಾರಾಯಣದೇವರಕೆರೆ ಎಂಬ ಊರು ಆ ನೀರಿನಡಿ ಹೋಯಿತು. ಜನ ಮರಿಯಮ್ಮನಹಳ್ಳಿಗೆ ಬಂದು ಬದುಕು ಕಟ್ಟಿಕೊಂಡರು. ಹಾಗೆ ಮುಳುಗಿದ ಹಳ್ಳಿಗಳು ಹತ್ತಾರು. ಕಾಲುವೆ ಹೊರಡುವುದು ಅಣೆಕಟ್ಟೆಯಿಂದ ಕೆಳಕ್ಕೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಭತ್ತದ ನಾಡಾದವು. ಅಣೆಕಟ್ಟೆಯ ಮೇಲ್ಗಡೆಯ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಹೊಲಗಳು ಆ ಕಾಲುವೆಯ ನೀರು ಕಾಣಲಿಲ್ಲ. ಹೊಳೆ ಪಕ್ಕದಲ್ಲಿದ್ದೂ ಮುಗಿಲು ನೋಡುವ ಬಾಳು. ಸಿಂಗಟಾಲೂರು ಏತ ನೀರಾವರಿ ಬಂದದ್ದು ದಶಕಗಳ ಮೇಲೆ. ಭೂಮಿ ಇದ್ದವನಿಗಾದರೂ ಅದರಿಂದ ಆಸೆ ಹುಟ್ಟಿತು. ಭೂಮಿಯೇ ಇಲ್ಲದವನಿಗೆ ಏತ ಏನನ್ನು ಎತ್ತೀತು?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಈಗ ದೊಡ್ಡ ಹೆಸರು ಬಂದಿದೆ. ಕರಿಜಾಲಿ ಮರಗಳ ಮೇಲೆ ಕೊಕ್ಕರೆಗಳು ಸಾವಿರ ಸಾವಿರ ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಿತ ಪ್ರದೇಶವಾಯಿತು, ಆಮೇಲೆ ರಾಮ್ಸರ್ ಪಟ್ಟಿ ಸೇರಿತು. ಸಂತೋಷ. ಆದರೆ ಅದು ತಾನಾಗಿ ಹುಟ್ಟಿದ ಸರೋವರವಲ್ಲ, ಮನುಷ್ಯರು ಕಟ್ಟಿದ ಕೆರೆ. ನಮ್ಮ ನಾಡಿನ ಕೆರೆಗಳೆಲ್ಲ ಹೀಗೆಯೇ. ಏರಿಗೆ ಮಣ್ಣು ಹೊತ್ತವರು, ತೂಬು ಎತ್ತಿ ಇಳಿಸಿದ ನೀರಗಂಟಿಗಳು ಬಹಳ ಊರುಗಳಲ್ಲಿ ಕೇರಿಯವರು. ಎಲ್ಲರ ಹೊಲಕ್ಕೆ ನೀರು ಹಂಚಿದ ನೀರಗಂಟಿ ಅದೇ ಕೆರೆಯ ಮೆಟ್ಟಿಲಲ್ಲಿ ಎಲ್ಲರಂತೆ ಇಳಿದು ಕೊಡ ತುಂಬುವ ಹಾಗಿರಲಿಲ್ಲ. 1961ರ ಕಾಯ್ದೆ ಪರಂಪರೆಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಬಿಟ್ಟಿ ಚಾಕರಿ ಕಾಗದದಲ್ಲಿ ನಿಂತಿತು. ಕೆರೆ ನೋಡಲು ಹೋದವರು ಹಕ್ಕಿಯ ಹೆಸರು ಕೇಳುತ್ತಾರೆ. ಏರಿಯ ಮಣ್ಣು ಹೊತ್ತವರ ಹೆಸರನ್ನೂ ಕೇಳಬೇಕು.

ಎಲ್ಲಕ್ಕಿಂತ ಕಷ್ಟದ ಜಾಗ ಉಚ್ಚಂಗಿದುರ್ಗ. ನೊಳಂಬವಾಡಿಯನ್ನು ಆಳಿದ ಉಚ್ಚಂಗಿ ಪಾಂಡ್ಯರ ಕೋಟೆ, ಬೆಟ್ಟದ ಮೇಲೆ ಉಚ್ಚಂಗೆಮ್ಮ. ನೋಟ ಚೆಂದ, ಗಾಳಿ ಚೆಂದ. ಅದೇ ಬೆಟ್ಟದಲ್ಲಿ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಟ್ಟರು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಗುಡಿಯ ಸೂಳೆಯರಿಗೆ, ಪಾತ್ರದವರಿಗೆ ಭೂಮಿ ಬಿಟ್ಟ ಮಾತು ಬರುತ್ತದೆ. ಅದೂ ಇದೂ ಒಂದೇ ಪದ್ಧತಿಯಲ್ಲ. ಅಲ್ಲಿ ದೇವರ ಸೇವೆಯ ಹೆಸರಿಗೆ ಜೀವನಾಂಶವಾದರೂ ಇತ್ತು. ಕೇರಿಯ ಮುತ್ತಿಗೆ ಒಂದು ಗೇಣು ಭೂಮಿಯೂ ಇಲ್ಲ. ದೇವರ ಹೆಸರು ಮೇಲೆ, ಊರ ಗೌಡನ ಹಾಸಿಗೆ ಕೆಳಗೆ.

ಕಾನೂನು ಇರಲಿಲ್ಲವೆ? ಇತ್ತು. ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಮುತ್ತುಲಕ್ಷ್ಮಿ ರೆಡ್ಡಿಯವರು 1920ರ ದಶಕದಿಂದ ಮದ್ರಾಸಿನಲ್ಲಿ ಹೋರಾಡಿದ ಫಲವಾಗಿ 1947ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂತು. ಅದೇ ವರ್ಷ ಮದ್ರಾಸಿನ ದೇವಾಲಯ ಪ್ರವೇಶ ಕಾಯ್ದೆಯೂ ಬಂತು. ಒಂದು ಕಾಯ್ದೆ ಗುಡಿಯ ಬಾಗಿಲನ್ನು ನಮಗೆ ತೆರೆಯಬೇಕಿತ್ತು, ಇನ್ನೊಂದು ಗುಡಿಯ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಬಿಡುವುದನ್ನು ನಿಲ್ಲಿಸಬೇಕಿತ್ತು. ಮೂವತ್ತೈದು ವರ್ಷವಾದ ಮೇಲೆ, 1982ರಲ್ಲಿ, ಕರ್ನಾಟಕ ಮತ್ತೊಂದು ದೇವದಾಸಿ ನಿಷೇಧ ಕಾಯ್ದೆ ಮಾಡಬೇಕಾಯಿತು. ಮೊದಲನೆಯದು ಕೆಲಸ ಮಾಡಿದ್ದರೆ ಎರಡನೆಯದು ಯಾಕೆ ಬೇಕಿತ್ತು? ಆಮೇಲೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,000ಕ್ಕೂ ಹೆಚ್ಚು ದೇವದಾಸಿಯರನ್ನು ಗುರುತಿಸಿದವು. ಬಹುಪಾಲು ದಲಿತ ತಾಯಂದಿರು.

ಕೊಟ್ಟೂರಿನಲ್ಲಿ ಇನ್ನೊಂದು ಬಗೆ. ಕೊಟ್ಟೂರೇಶ್ವರನ ತೇರು ಹೊರಡುವ ಮುಂಚೆ ದಲಿತ ಹೆಣ್ಣುಮಕ್ಕಳು ಆರತಿ ಬೆಳಗುವ ವಾಡಿಕೆಯಿದೆ. ಎಂದೋ ಯಾರೋ ಸಮಾನತೆಗಾಗಿ ಇಟ್ಟ ಗುರುತು ಅದಿದ್ದೀತು. ಅದನ್ನು ಹಗುರ ಮಾಡುವುದು ಬೇಡ. ಆದರೆ ಒಂದು ದಿನ ಆರತಿ ಹಿಡಿದ ಕೈಗೆ ಉಳಿದ ದಿನ ಊರ ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟರೆ ಆ ಆರತಿಗೆ ಅರ್ಥವೇನು ಎಂದು ಕೇಳುವ ಹಕ್ಕು ನಮಗಿದೆ.

ಹಾಗಾದರೆ ಗುಡಿ, ಕೋಟೆ ನೋಡಲು ಹೋಗಬಾರದೆ? ಹೋಗಲೇಬೇಕು. ಅವನ್ನು ಮೇಲ್ಜಾತಿಯವರ ಸೊತ್ತೆಂದು ಬಿಟ್ಟುಕೊಡುವುದು ಎರಡನೇ ಸಲ ಸೋತಂತೆ. ದುಗ್ಗಿಮಯ್ಯ ಹೊನ್ನು ಕೊಟ್ಟಿರಬಹುದು. ಹೊನ್ನು ತಾನಾಗಿ ಕಂಬವಾಗಲಿಲ್ಲ. ಐವತ್ತು ಕಂಬದ ಭಾರ ಯಾರದೋ ಹೆಗಲ ಮೇಲೆ ಬಂದಿತ್ತು, ಆ ಹೆಗಲು ನಮ್ಮದು. ಗುಡಿಗೆ ಹೋಗುವಾಗ ಭಿಕ್ಷೆಯವರಂತೆ ಅಲ್ಲ, ಪಾಲುದಾರರಂತೆ ಹೋಗಬೇಕು.

ಹಳ್ಳಿಯ ಮೇಷ್ಟರಲ್ಲಿ, ಕಾಲೇಜಿನ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಪ್ರವಾಸಕ್ಕೆ ಹೋದಲ್ಲಿ ನಾಲ್ಕು ಪ್ರಶ್ನೆ ಕೇಳಿ: ಈ ಕಲ್ಲು ಎಲ್ಲಿಂದ ಬಂತು? ಇದರ ಖರ್ಚಿಗೆ ಬಿಟ್ಟ ಭೂಮಿಯನ್ನು ಯಾರು ಉತ್ತರು? ಒಳಗೆ ಬರಲು ಯಾರಿಗೆ, ಎಂದಿನಿಂದ ಅವಕಾಶ? ಇವತ್ತು ಕಸ ಗುಡಿಸುವವರು ಯಾರು? ನಾಲ್ಕಕ್ಕೂ ಉತ್ತರ ಫಲಕದ ಮೇಲೆ ಸಿಗುವುದಿಲ್ಲ. ಕೇರಿಗೆ ಹೋಗಿ ಮುದುಕರ ಹತ್ತಿರ ಕೂತು ಕೇಳಬೇಕು. ಹಳೆಯ ನೀರಗಂಟಿ, ತಳವಾರ, ಮುಳುಗಡೆಯ ಊರಿನ ಅಜ್ಜಿ, ಮುತ್ತು ಕಿತ್ತೆಸೆದ ತಾಯಿ ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಮೂರು ಸಲ ಫಲಕ ಬದಲಾಯಿತು. ಕೇರಿ ಇದ್ದಲ್ಲೇ ಇದೆ. ಹತ್ತನೇ ಶತಮಾನದಲ್ಲಿ ಬಿರುದು ಬದಲಾದಾಗಲೂ ಹೀಗೇ ಆಗಿತ್ತು. ಆಗ ಕೇರಿಯವರಿಗೆ ಅಕ್ಷರ ಇರಲಿಲ್ಲ, ಬರೆಸಿದ್ದೆಲ್ಲ ಅವರದಾಯಿತು. ಈಗ ನಮ್ಮ ಮಕ್ಕಳ ಕೈಯಲ್ಲಿ ಪೆನ್ನು ಇದೆ. ಮೂವತ್ತಾರು ಶಾಸನದ ಊರಿಗೆ ಮೂವತ್ತೇಳನೆಯದನ್ನು ಅವರು ಬರೆಯಲಿ.