ಸಂಕಟ ಹೊಟ್ಟೆಯದೋ, ಮನಸ್ಸಿನದೋ?

ಕನ್ನಡದಲ್ಲಿ ವಾಂತಿ ಬರುವ ಮುಂಚೆ ಹೊಟ್ಟೆಯಲ್ಲಿ ಆಗುವುದೂ ಸಂಕಟ, ತೀರಿಸಲಾಗದ ಸಾಲ ತಲೆಯ ಮೇಲಿದ್ದಾಗ ಆಗುವುದೂ ಸಂಕಟ. ಉರ್ದುವಿನಲ್ಲಿ ಹೊಟ್ಟೆ ತೊಳಸಿದರೆ ‘ಜೀ ಮತಲಾ ರಹಾ ಹೈ’ ಎನ್ನುತ್ತಾರೆ. ‘ಜೀ’ ಎಂದರೆ ಹೊಟ್ಟೆಯಲ್ಲ, ಜೀವ, ಮನಸ್ಸು. ನಮ್ಮ ಎರಡೂ ಭಾಷೆಗಳಿಗೆ ಗೊತ್ತಿರುವ ಈ ನಂಟನ್ನು ವೈದ್ಯಶಾಸ್ತ್ರ ಹೇಗೆ ಕಂಡಿತು?

ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ದೇವಾಲಯದಿಂದಲೇ ಹೊರಡೋಣ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ಅದರ ಮಂಟಪದ ಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಕಥೆಗಳನ್ನು ಸಾಲಾಗಿ ಕೆತ್ತಿದ್ದಾರೆ. ಮಹಾಭಾರತದಲ್ಲಿ ಬಿಲ್ಲುಗಾರ ಅರ್ಜುನ, ಎದುರಿಗೆ ನಿಂತ ತನ್ನವರನ್ನೇ ಕಂಡು ಬಾಯಿ ಒಣಗಿ, ಮೈ ನಡುಗಿ, ನಿಲ್ಲಲಾರದೆ ಕುಸಿಯುತ್ತಾನೆ. ಅವನೇನೂ ಹಳಸಿದ ಅನ್ನ ಉಂಡಿರಲಿಲ್ಲ. ಮನಸ್ಸಿನ ಭಾರ ಮೈಗೆ ಇಳಿದಿತ್ತು.

ವೈದ್ಯರಿಗೂ ಇದು ಗೊತ್ತಿತ್ತು. ಸಂಸ್ಕೃತ ವೈದ್ಯದಲ್ಲಿ ವಾಂತಿಗೆ ‘ಛರ್ದಿ’ ಎಂದು ಹೆಸರು. ಸುಶ್ರುತ ಸಂಹಿತೆ ಅದರ ಕಾರಣಗಳನ್ನು ಎಣಿಸುವಾಗ ಅಜೀರ್ಣ, ಹೊಟ್ಟೆಹುಳು, ಬಸಿರು ಇವುಗಳ ಜೊತೆಯಲ್ಲೇ ಆಯಾಸ, ಭಯ, ಉದ್ವೇಗಗಳನ್ನೂ ಇಡುತ್ತದೆ. ಚರಕ ಸಂಹಿತೆ ಹೇಳುವ ಐದು ಬಗೆಯ ಛರ್ದಿಗಳಲ್ಲಿ ಐದನೆಯದು ಹೇಸಿಗೆ ಹುಟ್ಟಿಸುವ ವಸ್ತುಗಳಿಂದ ಬರುವಂಥದು. ಮನಸ್ಸಿಗೆ ಪೆಟ್ಟು ಬಿದ್ದಾಗ ಹಿತವಾದ ಮಾತು, ಸಾಂತ್ವನಗಳೇ ಚಿಕಿತ್ಸೆ ಎಂದು ಅದು ಹೇಳುತ್ತದೆ. ವೈದ್ಯಶಾಸ್ತ್ರ ಆಗಲೇ ಕನ್ನಡಕ್ಕೂ ಬಂದಿತ್ತು. ಜಗದ್ದಳ ಸೋಮನಾಥ ಕನ್ನಡದಲ್ಲಿ ‘ಕಲ್ಯಾಣಕಾರಕ’ ರಚಿಸಿದ್ದು ಸುಮಾರು 12ನೆಯ ಶತಮಾನದಲ್ಲಿ.

ಅತ್ತ ಅರಬ್ಬೀ ಭಾಷೆಯಲ್ಲೂ ಇದೇ ವಿಚಾರ ನಡೆದಿತ್ತು. ಇಬ್ನ್ ಸೀನಾ (980-1037) ತನ್ನ ‘ಅಲ್ ಖಾನೂನ್’ ಗ್ರಂಥದಲ್ಲಿ ಮನೋವಿಕಾರಗಳು ದೇಹವನ್ನು ಬದಲಿಸುವುದನ್ನು ವಿವರಿಸಿದ. ಯುನಾನಿ ಹಕೀಮರು ಇಂದಿಗೂ ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎನ್ನುವ ಆರು ಅಗತ್ಯಗಳಲ್ಲಿ ಗಾಳಿ, ಅನ್ನಪಾನ, ನಿದ್ರೆಗಳ ಸಾಲಿನಲ್ಲೇ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಗೂ ಸ್ಥಾನವಿದೆ. ಅಮೃತಾಪುರದ ಗುಡಿ ಎದ್ದು ಹೆಚ್ಚು ವರ್ಷಗಳಾಗುವ ಮೊದಲೇ, ಈಜಿಪ್ಟಿನಲ್ಲಿ ಯಹೂದಿ ವೈದ್ಯ ಮೂಸಾ ಇಬ್ನ್ ಮೈಮೂನ್, ಸುಲ್ತಾನ್ ಸಲಾಹುದ್ದೀನನ ಮಗ ಅಲ್ ಅಫ್ದಲ್‌ಗಾಗಿ ಆರೋಗ್ಯದ ಪುಸ್ತಕವೊಂದನ್ನು ಬರೆದ. ಆ ರಾಜಕುಮಾರನಿಗೆ ಅಜೀರ್ಣವೂ ಇತ್ತು, ಖಿನ್ನತೆಯೂ ಇತ್ತು. ಗಟ್ಟಿಮುಟ್ಟಾದ ಮನುಷ್ಯನೂ ಕೆಟ್ಟ ಸುದ್ದಿ ಕೇಳಿದೊಡನೆ ಹೇಗೆ ಬಣ್ಣಗೆಡುತ್ತಾನೆ, ದನಿ ಕುಗ್ಗುತ್ತಾನೆ ಎಂದು ತೋರಿಸಿ, ವೈದ್ಯ ಮನಸ್ಸಿನ ಕಡೆಗೂ ಗಮನ ಕೊಡಬೇಕೆಂದು ಅವನು ವಾದಿಸಿದ. ಮುಸ್ಲಿಂ ದೊರೆಗೆ ಯಹೂದಿ ವೈದ್ಯ, ಅರಬ್ಬೀ ಭಾಷೆಯಲ್ಲಿ!

ಇದನ್ನು ಕಣ್ಣಾರೆ ಕಂಡವನು ಅಮೆರಿಕದ ವಿಲಿಯಂ ಬೋಮಾಂಟ್. 1822ರಲ್ಲಿ ಗುಂಡು ತಗುಲಿದ ಒಬ್ಬನ ಹೊಟ್ಟೆಯ ಗಾಯ ಪೂರ್ತಿ ಮುಚ್ಚದೆ ಕಿಂಡಿಯಂತೆ ಉಳಿಯಿತು. ವರ್ಷಗಟ್ಟಲೆ ಅದರೊಳಗೆ ನೋಡಿದ ಬೋಮಾಂಟ್, ಭಯ ಮತ್ತು ಸಿಟ್ಟು ಜಠರವನ್ನೇ ಬದಲಿಸುತ್ತವೆ ಎಂದು 1833ರಲ್ಲಿ ಬರೆದ.

ಇಂದಿನ ವಿವರಣೆ ಇದು. ವಾಂತಿಯ ಹತೋಟಿ ಮಿದುಳಿನ ಬುಡದಲ್ಲಿದೆ. ಅಲ್ಲಿಗೆ ಹಲವು ದಾರಿಗಳಿಂದ ಸುದ್ದಿ ಮುಟ್ಟುತ್ತದೆ. ಕೆಟ್ಟ ಆಹಾರದ ಸುದ್ದಿಯನ್ನು ಕರುಳಿನಿಂದ ವೇಗಸ್ ನರ ಒಯ್ಯುತ್ತದೆ. ವಿಷ, ಔಷಧಿಗಳ ಸುದ್ದಿ ರಕ್ತದಿಂದ ಬರುತ್ತದೆ. ಬಸ್ಸು ಕೆಮ್ಮಣ್ಣುಗುಂಡಿಯ ತಿರುವುಗಳನ್ನು ಹತ್ತುವಾಗ ಒಳಕಿವಿ ದೂರು ಕೊಡುತ್ತದೆ. ಇನ್ನೊಂದು ದಾರಿ ಭಯ, ಚಿಂತೆ, ನೆನಪುಗಳದು. ಒತ್ತಡ ಬಂದಾಗ ದೇಹ ಅಡ್ರಿನಾಲಿನ್, ಕಾರ್ಟಿಸಾಲ್‌ನಂಥ ರಸಗಳನ್ನು ಸುರಿಸಿ ಓಟಕ್ಕೋ ಕಾದಾಟಕ್ಕೋ ಸಜ್ಜಾಗುತ್ತದೆ. ಜೀರ್ಣದ ಕೆಲಸ ಹಿಂದೆ ಬೀಳುತ್ತದೆ. ಉಂಡದ್ದು ಜಠರದಲ್ಲೇ ನಿಂತು ಓಕರಿಕೆ ಬರುತ್ತದೆ. ಪರೀಕ್ಷೆಯ ಬೆಳಿಗ್ಗೆ ವಾಂತಿ ಮಾಡುವ ಮಗು ನಾಟಕ ಆಡುತ್ತಿಲ್ಲ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಬಸುರಿಯರನ್ನು ಹಣ್ಣಾಗಿಸುವ ತೀವ್ರ ವಾಂತಿಯನ್ನು 20ನೆಯ ಶತಮಾನದಲ್ಲಿ ಹಲವು ವೈದ್ಯರು ‘ಇವಳಿಗೆ ಒಳಮನಸ್ಸಿನಲ್ಲಿ ಮಗು ಬೇಡ’ ಎಂದು ಅರ್ಥೈಸಿದರು. ನೋವು ಅವಳದು, ಅಪವಾದವೂ ಅವಳದೇ. ಗರ್ಭದಿಂದ ತಾಯಿಯ ರಕ್ತಕ್ಕೆ ಬರುವ ಜಿಡಿಎಫ್15 ಎಂಬ ಹಾರ್ಮೋನಿಗೂ ಈ ವಾಂತಿಗೂ ಗಾಢ ಸಂಬಂಧವಿದೆ ಎಂದು 2023ರಲ್ಲಿ ‘ನೇಚರ್’ ಪತ್ರಿಕೆಯ ಸಂಶೋಧನೆ ತೋರಿಸಿತು. ಜಠರದ ಹುಣ್ಣಿನದೂ ಇದೇ ಕಥೆ. ಚಿಂತೆಯೇ ಅದಕ್ಕೆ ಮೂಲವೆಂದು ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ 1980ರ ದಶಕದಲ್ಲಿ ಅದರ ಹಿಂದಿದ್ದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟು, 2005ರಲ್ಲಿ ನೊಬೆಲ್ ಪಡೆದರು.

ಹಾಗಾದರೆ ಹಳೆಯ ವೈದ್ಯರು ಹೇಳಿದ್ದು ತಪ್ಪೇ? ಅಲ್ಲ. ಸುಶ್ರುತ ಭಯವನ್ನೂ ಹುಳುವನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದ; ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಿಲ್ಲ. ಮನಸ್ಸೂ ಒಂದು ಕಾರಣ ಎಂಬ ಅವರ ಮಾತನ್ನು ನಾವು ‘ಎಲ್ಲಾ ಮನಸ್ಸಿನದೇ’ ಎಂಬ ತೀರ್ಪಾಗಿ ಮಾಡಿಕೊಂಡೆವು. ನಮ್ಮ ಮನೆಗಳಲ್ಲಿ ಹೊಸ ಸೊಸೆ ಓಕರಿಸಿದರೆ ಒಬ್ಬರು ‘ನಜರ್’ ಎನ್ನುತ್ತಾರೆ, ಇನ್ನೊಬ್ಬರು ‘ಟೆನ್ಶನ್’ ಎನ್ನುತ್ತಾರೆ, ಮತ್ತೊಬ್ಬರು ‘ಕೆಲಸಗಳ್ಳಿ’ ಎನ್ನುತ್ತಾರೆ. ಅವಳನ್ನು ಕೂರಿಸಿ ಕೇಳುವವರು ಕಡಿಮೆ.

ವಾಂತಿಯಲ್ಲಿ ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಎದೆನೋವೋ ಸಹಿಸಲಾಗದ ತಲೆನೋವೋ ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆಯಲ್ಲಿ ಬೇರೇನೂ ಸಿಗದೆ, ಚಿಂತೆಯೇ ಕಾರಣವೆಂದು ವೈದ್ಯರು ಹೇಳಿದರೆ ಆ ಚಿಂತೆ ಏನೆಂದು ಕೇಳಿ ಹಂಚಿಕೊಳ್ಳಬೇಕಾದವರು ಮನೆಯವರು. ಹಿತವಾದ ಮಾತೂ ಔಷಧವೆಂದು ಚರಕ ಹೇಳಿದ್ದು ಅದಕ್ಕೇ.