ಬುಲಕ್, ಜೂಲಿಯಾ
1986–. ಅಮೆರಿಕದ ಶಾಸ್ತ್ರೀಯ ಗಾಯಕಿ. ಸ್ತ್ರೀಕಂಠದ ಅತ್ಯುಚ್ಚ ಶ್ರೇಣಿಯಾದ ಸೊಪ್ರಾನೊದಲ್ಲಿ ಹಾಡುವವರು. ಹುಟ್ಟಿದ್ದು ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ. ಈಸ್ಟ್‌ಮನ್ ಸಂಗೀತಶಾಲೆ, ಬಾರ್ಡ್ ಕಾಲೇಜು ಹಾಗೂ ಜೂಲಿಯಾರ್ಡ್‌ಗಳಲ್ಲಿ ಶಿಕ್ಷಣ ಪಡೆದರು. 2014ರಲ್ಲಿ ನೌಮ್‌ಬರ್ಗ್ ಗಾಯನ ಸ್ಪರ್ಧೆಯ ಪ್ರಥಮ ಬಹುಮಾನ ಇವರದಾಯಿತು.

ಹಳೆಯ ಕೃತಿಗಳ ಜೊತೆಗೆ ಸಮಕಾಲೀನ ಒಪೆರಾಗಳಿಗೂ ಕಂಠವಾದದ್ದು ಇವರ ವೈಶಿಷ್ಟ್ಯ. ಸಂಗೀತ ರಚನಕಾರ ಜಾನ್ ಆಡಮ್ಸ್ ಅವರೊಡನೆ ಇವರ ಒಡನಾಟ ನಿಕಟವಾದುದು. ಆಡಮ್ಸ್ ಅವರ 'ಗರ್ಲ್ಸ್ ಆಫ್ ದಿ ಗೋಲ್ಡನ್ ವೆಸ್ಟ್' ಒಪೆರಾ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲು ರಂಗವೇರಿದಾಗ ಡೇಮ್ ಶರ್ಲಿ ಪಾತ್ರವನ್ನೂ, 'ಡಾಕ್ಟರ್ ಅಟಾಮಿಕ್' ಧ್ವನಿಮುದ್ರಣದಲ್ಲಿ ಅಣುವಿಜ್ಞಾನಿ ಓಪನ್‌ಹೈಮರರ ಪತ್ನಿ ಕಿಟ್ಟಿಯ ಪಾತ್ರವನ್ನೂ ಹಾಡಿದರು. 2019ರಲ್ಲಿ ತವರೂರಿನಲ್ಲೇ ಟೆರೆನ್ಸ್ ಬ್ಲಾಂಚರ್ಡ್ ಅವರ 'ಫೈರ್ ಶಟ್ ಅಪ್ ಇನ್ ಮೈ ಬೋನ್ಸ್' ಒಪೆರಾದ ಪ್ರಥಮ ಪ್ರಯೋಗದಲ್ಲಿ ಭಾಗವಹಿಸಿದರು. ನರ್ತಕಿ, ಗಾಯಕಿ ಜೋಸೆಫೀನ್ ಬೇಕರ್‌ರ ಬದುಕನ್ನು ಕುರಿತ 'ಪೆರ್ಲ್ ನ್ವಾರ್' ಕೃತಿಯನ್ನು ರಚನಕಾರ ಟೈಶಾನ್ ಸೋರಿ ಅವರೊಡನೆ ರೂಪಿಸಿದರು. 2018–19ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದ ಆವಾಸ ಕಲಾವಿದೆಯಾಗಿ ಗುಲಾಮಗಿರಿ ಮತ್ತು ಜನಾಂಗೀಯ ನೆನಪುಗಳನ್ನು ಒಳಗೊಂಡ ಕಾರ್ಯಕ್ರಮಗಳನ್ನು ನೀಡಿದರು.

2022ರಲ್ಲಿ ಹೊರಬಂದ ಇವರ ಮೊದಲ ಏಕವ್ಯಕ್ತಿ ಧ್ವನಿಮುದ್ರಿಕೆ 'ವಾಕಿಂಗ್ ಇನ್ ದಿ ಡಾರ್ಕ್' 2024ರ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅದೇ ವರ್ಷ ಆಡಮ್ಸ್‌ರ 'ಎಲ್ ನಿನ್ಯೊ' ಮೂಲಕ ಮೆಟ್ರೊಪಾಲಿಟನ್ ಒಪೆರಾದ ರಂಗವನ್ನು ಪ್ರವೇಶಿಸಿದರು.