ಅಲಸಂದೆಯ ತಳಿ ಆಯ್ಕೆ

ಅಲಸಂದೆ ಮೂಲತಃ ಆಫ್ರಿಕಾದ ಬೆಳೆ. ಘಾನಾದ ನಡುಭಾಗದಲ್ಲಿ, ಕಿಂತಾಂಪೊ ಸಂಸ್ಕೃತಿಯ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳು ಸುಮಾರು 3,500 ವರ್ಷ ಹಳೆಯವು. ಕಾಡು ಅಲಸಂದೆಯ ಕಾಯಿ ಒಣಗಿದೊಡನೆ ಸಿಡಿದು ಕಾಳು ಚೆಲ್ಲುತ್ತದೆ. ಸಿಡಿಯದ ಕಾಯಿ, ದಪ್ಪ ಕಾಳು ನೋಡಿ ಬೀಜಕ್ಕೆ ಎತ್ತಿಟ್ಟ ರೈತರೇ ಈ ಬೆಳೆಯ ಮೊದಲ ತಳಿಗಾರರು. ಬೆಳೆ ಏಷ್ಯಾಕ್ಕೆ ಬಂದ ಮೇಲೆ ಇಲ್ಲಿನವರು ಎಳೆಗಾಯಿಗೆ ಮನಸೋತು, ಮೊಳದುದ್ದದ ಕಾಯಿ ಬಿಡುವ ಬಳ್ಳಿಗಳನ್ನು ಉಳಿಸಿಕೊಂಡರು.

ಪಶ್ಚಿಮ ಆಫ್ರಿಕಾದ ಒಣಸೀಮೆಯ ನಾಡತಳಿಗಳು ಆಯ್ಕೆಯಾದದ್ದು ಬೇರೆ ಲೆಕ್ಕದಲ್ಲಿ. ಸಜ್ಜೆ, ಜೋಳದ ಸಾಲುಗಳ ನಡುವೆ ಹಬ್ಬುವ ಆ ಬಳ್ಳಿಗಳು ಹಗಲು ಕಿರಿದಾಗುವವರೆಗೂ ಹೂ ಬಿಡುವುದಿಲ್ಲ. ಮಳೆಗಾಲ ಮುಗಿಯುವಾಗ ಕಾಯಿ ಕಟ್ಟುವುದರಿಂದ ಕಾಳು ಕೊಳೆಯುವುದಿಲ್ಲ. ಬೇಸಿಗೆಯಲ್ಲಿ ದನಗಳಿಗೆ ಮೇವೂ ಸಿಗುತ್ತದೆ. ಕಾಳು ಹೆಕ್ಟೇರಿಗೆ ಕೆಲವೇ ನೂರು ಕಿಲೊ ನಿಜ, ಆದರೆ ಅದನ್ನು ರೈತರ ಅಜ್ಞಾನವೆನ್ನುವುದು ಅನ್ಯಾಯ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಕರೊಲಿನಾದಲ್ಲಿ ಸೊರಗು ರೋಗ ಹೊಲಗಳನ್ನು ಒಣಗಿಸುತ್ತಿದ್ದಾಗ ‘ಐರನ್’ ತಳಿ ಅದನ್ನು ತಾಳಿಕೊಂಡಿತು. ಸಸ್ಯರೋಗ ವಿಜ್ಞಾನಿ ಡಬ್ಲ್ಯು. ಎ. ಆರ್ಟನ್ ಅದನ್ನು ಅಭ್ಯಸಿಸಿದರು, ಮುಂದೆ ಅದು ಸಂಕರಣದಲ್ಲಿ ರೋಗನಿರೋಧಕತೆಯ ಆಕರವಾಯಿತು. ಜಗತ್ತಿನ ನಾಡತಳಿಗಳನ್ನು ಒಂದೆಡೆ ಕೂಡಿಸುವ ಕೆಲಸ ನಡೆದದ್ದು 1967ರಲ್ಲಿ ನೈಜೀರಿಯಾದ ಇಬಾಡಾನಿನಲ್ಲಿ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಆರಂಭವಾದ ಮೇಲೆ. ಅದರ ಬೀಜಭಂಡಾರದಲ್ಲಿ ಈಗ 15,000ಕ್ಕೂ ಹೆಚ್ಚು ಅಲಸಂದೆ ಮಾದರಿಗಳಿವೆ.

ಸಂಕರಣ ತಾಳ್ಮೆ ಬೇಡುವ ಕೆಲಸ. ಹೂ ಅರಳುವ ಮೊದಲೇ ಒಳಗೆ ಪರಾಗ ಉದುರಿ ಸ್ವಕೀಯ ಪರಾಗಸ್ಪರ್ಶ ಮುಗಿದಿರುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಮೊಗ್ಗನ್ನು ಚಿಮಟದಿಂದ ಬಿಡಿಸಿ ಕೇಸರಗಳನ್ನು ಕಿತ್ತು, ಬೆಳಗ್ಗೆ ಇನ್ನೊಂದು ಗಿಡದ ಪರಾಗ ಸವರಬೇಕು. ಎಷ್ಟೇ ಜೋಪಾನ ಮಾಡಿದರೂ ಬಹಳ ಹೂಗಳು ಉದುರಿಹೋಗುತ್ತವೆ. ಕಾಯಿ ಕಟ್ಟಿದರೂ ಗುಣಗಳು ನೆಲೆನಿಲ್ಲಲು ಇನ್ನೂ ಹಲವು ತಲೆಮಾರುಗಳ ಆಯ್ಕೆ ಬೇಕು.

ಇಬಾಡಾನಿನವರು ಮೊದಲು ಬದಲಿಸಿದ್ದು ಗಿಡದ ನಿಲುವು ಮತ್ತು ಅವಧಿ: ಹಬ್ಬದೆ ನಿಲ್ಲುವ ಗಿಡ, ಎಲೆಗಳ ಮೇಲೆ ಚಾಚುವ ಕಾಯಿ, ಹಗಲಿನ ಉದ್ದಕ್ಕೆ ಕಾಯದ ಹೂ. ಭಾರತೀಯ ತಳಿ ವಿಜ್ಞಾನಿ ಬಿ. ಬಿ. ಸಿಂಗ್ ಮತ್ತು ಜೊತೆಗಾರರು 1980ರ ದಶಕದಲ್ಲಿ 60 ದಿನಗಳ ತಳಿಗಳನ್ನು ರೂಪಿಸಿದರು. ಮಳೆ ಬೇಗ ಕೈಕೊಡುವ ಸೀಮೆಗೆ ಇದು ದೊಡ್ಡ ವರವಾಯಿತು.

ಬೆಳೆದ ಇಳುವರಿ ಕೈಗೆ ಸಿಗುವುದೂ ಅಷ್ಟೇ ಮುಖ್ಯ. ಸ್ಟ್ರೈಗಾ ಎಂಬ ಪರಾವಲಂಬಿ ಕಳೆ ಅಲಸಂದೆಯ ಬೇರಿಗೆ ಅಂಟಿ ಸಾರ ಹೀರುತ್ತದೆ. ಅದಕ್ಕೆ ಮದ್ದು ಸಿಕ್ಕಿದ್ದು ದೂರದ ಬೋಟ್ಸ್ವಾನಾದ ಬಿ-301 ಎಂಬ ಸಣ್ಣ ಕಾಳಿನ ನಾಡತಳಿಯಲ್ಲಿ. ಕಾಳಿನ ಅಂದ ನೋಡಿ ಆರಿಸುವವರು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸಂಗ್ರಹಿಸಿದ ಕಾಳನ್ನು ಪುಡಿಮಾಡುವ ಹುಳುವಿಗೆ ಟಿವಿಯು-2027 ಎಂಬ ನೈಜೀರಿಯಾದ ತಳಿಯಲ್ಲಿ ನಿರೋಧ ಕಂಡಿತು. ಕಾಯಿಕೊರಕಕ್ಕೆ ಮಾತ್ರ ಅಲಸಂದೆಯ ತಳಿಗಳಲ್ಲಿ ಸಾಕಷ್ಟು ನಿರೋಧ ಸಿಗಲಿಲ್ಲ; ಅದನ್ನು ತಡೆಯುವ ಕುಲಾಂತರಿ ಅಲಸಂದೆಗೆ ನೈಜೀರಿಯಾ 2019ರಲ್ಲಿ ಅನುಮತಿ ಕೊಟ್ಟಿತು.

ನೆಟ್ಟಗಿನ ಗಿಡದಲ್ಲಿ ಮೇವು ಕಡಿಮೆ ಎಂಬ ರೈತರ ತಕರಾರು ನ್ಯಾಯವಾದದ್ದೇ. ಕಾಳೂ ಮೇವೂ ಕೊಡುವ ತಳಿಗಳಿಗಾಗಿ ಮುಂದೆ ನೈಜೀರಿಯಾದ ಕಾನೊದಲ್ಲಿ, ರೈತರ ಪದ್ಧತಿಯಂತೆಯೇ ಸಜ್ಜೆಯ ನಡುವೆ ಬೆಳೆಸಿ ಆಯ್ಕೆ ನಡೆಸಲಾಯಿತು. ಇಬಾಡಾನ್ ಮೂಲದ ಐಟಿ-38956-1, ಟಿವಿಎಕ್ಸ್-944 ತಳಿಗಳು ಕರ್ನಾಟಕದ ರೈತರಿಗೂ ಶಿಫಾರಸಾಗಿವೆ.